ಮಧ್ಯಂತರ ಉಪವಾಸದ ಮೊದಲ ವಾರಗಳಲ್ಲಿ ತಲೆ ಮಂಕಾಗುವುದೇಕೆ? ಹನ್ನೊಂದು ಗಂಟೆಯ ಲೆಕ್ಕದ ತಪ್ಪುಗಳು

ಲೆಕ್ಕದ ಪುಸ್ತಕ (ಶಿವಮೊಗ್ಗ)

ಎಲ್ಲರಿಗೂ ನಮಸ್ಕಾರ. ನನಗೆ 44 ವರ್ಷ. ಒಂದು ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವ ಕೆಲಸ ಮಾಡುತ್ತೇನೆ. ತೂಕ ಇಳಿಸಬೇಕೆಂಬ ಉದ್ದೇಶದಿಂದ ಕಳೆದ ಹನ್ನೆರಡು ದಿನಗಳಿಂದ ಮಧ್ಯಂತರ ಉಪವಾಸ ಆರಂಭಿಸಿದ್ದೇನೆ. ರಾತ್ರಿ ಎಂಟೂವರೆಗೆ ಊಟ ಮುಗಿಸಿದರೆ ಮರುದಿನ ಮಧ್ಯಾಹ್ನ ಹನ್ನೆರಡೂವರೆಯವರೆಗೆ ನೀರಿನ ಹೊರತು ಏನನ್ನೂ ಮುಟ್ಟುವುದಿಲ್ಲ. ಅಂದರೆ 16 ಗಂಟೆ ಉಪವಾಸ, ಉಳಿದ 8 ಗಂಟೆಗಳಲ್ಲಿ ಎರಡು ಊಟ ಮತ್ತು ಸಂಜೆಯ ಒಂದು ತಿಂಡಿ. ಹಸಿವನ್ನು ಹೇಗೋ ತಡೆದುಕೊಳ್ಳುತ್ತೇನೆ. ನನ್ನ ತೊಂದರೆ ಹೊಟ್ಟೆಯದಲ್ಲ, ತಲೆಯದು.

ಬೆಳಿಗ್ಗೆ ಹತ್ತಕ್ಕೆ ಕಚೇರಿಗೆ ಹೋದಾಗ ಚೆನ್ನಾಗಿಯೇ ಇರುತ್ತೇನೆ. ಹನ್ನೊಂದರ ಸುಮಾರಿಗೆ ಅಂಕಿಗಳು ಕಣ್ಣಿಗೆ ಕಾಣುತ್ತವೆ, ತಲೆಗೆ ಇಳಿಯುವುದಿಲ್ಲ. ಕಳೆದ ಗುರುವಾರ ಸಂಜೆ ನಗದು ಪುಸ್ತಕ 900 ರೂಪಾಯಿಗೆ ತಾಳೆಯಾಗಲಿಲ್ಲ. ವ್ಯತ್ಯಾಸವು ಒಂಬತ್ತರಿಂದ ನಿಶ್ಶೇಷವಾಗಿ ಭಾಗವಾದರೆ ಎಲ್ಲೋ ಎರಡು ಅಂಕಿಗಳು ಅದಲುಬದಲಾಗಿರಬಹುದು ಎಂಬುದು ನಮ್ಮ ಕೆಲಸದವರಿಗೆಲ್ಲ ಗೊತ್ತಿರುವ ಉಪಾಯ. ಅದೇ ಜಾಡು ಹಿಡಿದು ಹುಡುಕಿದಾಗ ತಪ್ಪು ಸಿಕ್ಕಿತು: 6,750 ಎಂದು ಬರೆಯಬೇಕಾದಲ್ಲಿ 7,650 ಎಂದು ಬರೆದಿದ್ದೆ. ರಸೀದಿಯ ಮೇಲಿದ್ದ ಸಮಯ 11:20. ನೌಕರಿಯಲ್ಲಿ ತಪ್ಪೇ ಮಾಡಿಲ್ಲವೆಂದು ಹೇಳುತ್ತಿಲ್ಲ, ಆದರೆ ಹನ್ನೆರಡು ದಿನಗಳಲ್ಲಿ ಇದು ಮೂರನೆಯದು, ಮೂರೂ ಊಟಕ್ಕೆ ಮುಂಚಿನ ಹೊತ್ತಿನಲ್ಲೇ ಆದವು.

ಮೆದುಳಿಗೆ ಸಕ್ಕರೆ ಸಾಲದೆ ಹೀಗಾಗುತ್ತಿದೆಯೇ? ಇದು ಎಷ್ಟು ದಿನಗಳಲ್ಲಿ ಸರಿಹೋಗುತ್ತದೆ? ಉಪವಾಸದಿಂದ ಬುದ್ಧಿ ತಿಳಿಯಾಗುತ್ತದೆ ಎಂದು ಎಲ್ಲೆಲ್ಲೂ ಓದುತ್ತೇನೆ. ನನಗೆ ಮಾತ್ರ ಅದು ಏಕೆ ಉಲ್ಟಾ ಆಗುತ್ತಿದೆ? ನನಗೆ ಮಧುಮೇಹವಿಲ್ಲ, ಯಾವ ಮಾತ್ರೆಯನ್ನೂ ತೆಗೆದುಕೊಳ್ಳುತ್ತಿಲ್ಲ.

ಪ್ರಯೋಗಶಾಲೆ (ಧಾರವಾಡ)

ನಾನು ಪದವಿ ತರಗತಿಗಳಿಗೆ ಜೀವರಸಾಯನಶಾಸ್ತ್ರ ಪಾಠ ಮಾಡುತ್ತೇನೆ, ವೈದ್ಯನಲ್ಲ. ತಮ್ಮ ಮೊದಲ ಪ್ರಶ್ನೆಗೆ ಉತ್ತರ: ಸಕ್ಕರೆ ಸಾಲದೆ ಹೀಗಾಗುತ್ತಿರುವ ಸಾಧ್ಯತೆ ಬಹಳ ಕಡಿಮೆ.

ಮೆದುಳಿನ ತೂಕ ದೇಹದ ಶೇ. 2ರಷ್ಟಿದ್ದರೂ ವಿಶ್ರಾಂತಿಯಲ್ಲಿರುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಶೇ. 20ರಷ್ಟನ್ನು ಅದೊಂದೇ ಬಳಸುತ್ತದೆ. ದಿನಕ್ಕೆ ಹೆಚ್ಚುಕಡಿಮೆ 120 ಗ್ರಾಂ ಗ್ಲೂಕೋಸ್ ಅದಕ್ಕೆ ಬೇಕು. ಇಂಥ ದುಬಾರಿ ಅಂಗವನ್ನು ದೇಹವು ಒಂದು ಹೊತ್ತಿನ ತಿಂಡಿಯ ಮೇಲೆ ನಂಬಿಕೊಂಡು ಬಿಟ್ಟಿಲ್ಲ. ಯಕೃತ್ತಿನಲ್ಲಿ ಗ್ಲೈಕೋಜೆನ್ ರೂಪದಲ್ಲಿ ಸುಮಾರು 100 ಗ್ರಾಂ ದಾಸ್ತಾನು ಇರುತ್ತದೆ. ರಾತ್ರಿಯೆಲ್ಲ ಅದು ಕರಗುತ್ತ ಬರುತ್ತದೆ. ಅದರ ಜೊತೆಜೊತೆಗೇ ಯಕೃತ್ತು ಅಮೈನೋ ಆಮ್ಲ, ಲ್ಯಾಕ್ಟೇಟ್ ಮತ್ತು ಕೊಬ್ಬಿನಿಂದ ಬರುವ ಗ್ಲಿಸರಾಲ್‌ಗಳಿಂದ ಹೊಸದಾಗಿ ಗ್ಲೂಕೋಸ್ ತಯಾರಿಸುತ್ತಿರುತ್ತದೆ. ಹೀಗಾಗಿ ಆರೋಗ್ಯವಂತರ ರಕ್ತದಲ್ಲಿ 16 ಗಂಟೆಗಳ ನಂತರವೂ ಗ್ಲೂಕೋಸ್ ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಅದು ಡೆಸಿಲೀಟರಿಗೆ 70 ಮಿಲಿಗ್ರಾಂಗಿಂತ ಇಳಿಯುವ ಹೊತ್ತಿಗೇ ಅಡ್ರಿನಲಿನ್‌ನಂಥ ಹಾರ್ಮೋನುಗಳು ಎಚ್ಚರಗೊಳ್ಳುತ್ತವೆ. ಯೋಚನೆಗೆ ಸ್ಪಷ್ಟವಾದ ಪೆಟ್ಟು ಬೀಳುವುದು ಸುಮಾರು 54ಕ್ಕಿಂತ ಕೆಳಗೆ. ಔಷಧ ತೆಗೆದುಕೊಳ್ಳದ ಆರೋಗ್ಯವಂತರು ತಿಂಡಿ ಬಿಟ್ಟ ಮಾತ್ರಕ್ಕೆ ಅಲ್ಲಿಗೆ ತಲುಪುವುದು ಅಪರೂಪ.

ಹಾಗೆಯೇ ಇನ್ನೊಂದು ತುದಿಯ ಉತ್ಪ್ರೇಕ್ಷೆಯೂ ಇದೆ: ಯಕೃತ್ತು ಕೊಬ್ಬಿನಿಂದ ತಯಾರಿಸುವ ಕೀಟೋನ್ ಎಂಬ ಇಂಧನದ ಮೇಲೆ ಮೆದುಳು ಓಡತೊಡಗಿ ಚುರುಕಾಗುತ್ತದೆ ಎನ್ನುವುದು. ಮೆದುಳು ಕೀಟೋನ್‌ಗಳನ್ನು ಇಂಧನವಾಗಿ ಬಳಸಬಲ್ಲದು ಎಂಬುದನ್ನು ಜಾರ್ಜ್ ಕಹಿಲ್ ಅವರ ತಂಡ 1967ರಲ್ಲಿ ತೋರಿಸಿದ್ದು ನಿಜ, ಆದರೆ ಅವರು ಅಧ್ಯಯನ ಮಾಡಿದ್ದು ಐದಾರು ವಾರ ಉಪವಾಸವಿದ್ದ ಸ್ಥೂಲಕಾಯದ ರೋಗಿಗಳನ್ನು. ರಾತ್ರಿಯ ಮುದ್ದೆ ಅಥವಾ ಅನ್ನ ಉಂಡು ಮರುದಿನ ಮಧ್ಯಾಹ್ನದವರೆಗೆ ಕಾದವರ ರಕ್ತದಲ್ಲಿ ಕೀಟೋನ್ ಕಾಣಿಸಿಕೊಳ್ಳುತ್ತದೆ, ಅಷ್ಟೇ. ಮೆದುಳಿನ ಸಂಸಾರ ನಡೆಸುವಷ್ಟು ಅಲ್ಲ.

ಹಾಗಾದರೆ ತಮಗೇನಾಗುತ್ತಿದೆ? ಎರಡು ಸಂಗತಿಗಳನ್ನು ಮೊದಲು ನೋಡಬೇಕು. ಒಂದು, ಹಸಿವಿನ ಹಾರ್ಮೋನಾದ ಗ್ರೆಲಿನ್ ಹೊಟ್ಟೆ ಖಾಲಿಯಾಗಿದೆ ಎಂಬ ಒಂದೇ ಕಾರಣಕ್ಕೆ ಏರುವುದಿಲ್ಲ. ನಾವು ದಿನವೂ ತಿನ್ನುವ ಹೊತ್ತಿಗೆ ಸರಿಯಾಗಿ ಅಲೆಯಂತೆ ಏರಿ, ತಿನ್ನದಿದ್ದರೂ ಇಳಿಯುತ್ತದೆ. ಹೊಸ ವೇಳಾಪಟ್ಟಿಗೆ ಅದು ಹೊಂದಿಕೊಳ್ಳಲು ದಿನಗಳೇ ಬೇಕು, ಅಲ್ಲಿಯವರೆಗೆ ಗಮನದ ಒಂದು ಪಾಲು ಊಟದ ಯೋಚನೆಗೇ ಹೋಗುತ್ತದೆ. ಎರಡು, ಉಪ್ಪು ಮತ್ತು ನೀರು. ಇನ್ಸುಲಿನ್ ಕಡಿಮೆಯಾದಾಗ ಮೂತ್ರಪಿಂಡಗಳು ಸೋಡಿಯಂ ಅನ್ನು ಹಿಡಿದಿಟ್ಟುಕೊಳ್ಳುವುದು ಕಡಿಮೆಯಾಗುತ್ತದೆ. ಅದರೊಂದಿಗೆ ನೀರೂ ಹೋಗುತ್ತದೆ. ಮೊದಲ ವಾರ ತೂಕ ಸರಸರನೆ ಇಳಿದದ್ದನ್ನು ಕಂಡು ಹಿಗ್ಗುತ್ತೇವಲ್ಲ, ಅದರಲ್ಲಿ ಬಹುಪಾಲು ಈ ನೀರೇ. ಸಾಲದೆಂಬಂತೆ ಇಡ್ಲಿ, ಸಾಂಬಾರು, ಉಪ್ಪಿಟ್ಟುಗಳ ಜೊತೆ ಒಳಗೆ ಹೋಗುತ್ತಿದ್ದ ಉಪ್ಪು ಮತ್ತು ನೀರನ್ನೂ ತಾವು ಈಗ ನಿಲ್ಲಿಸಿದ್ದೀರಿ. ಎದ್ದು ನಿಂತಾಗ ತಲೆ ಹಗುರವಾದಂತೆ ಆಗುತ್ತದೆಯೇ, ಹಣೆಯ ಸುತ್ತ ಬಿಗಿದಂತೆ ನೋವಿದೆಯೇ ಎಂಬುದನ್ನು ತಿಳಿಸಿ.

ಡಿಕಾಕ್ಷನ್ (ಚಿಕ್ಕಮಗಳೂರು)

ಎಲ್ಲರೂ ಯಕೃತ್ತಿನವರೆಗೆ ಹೋಗುವ ಮುನ್ನ ಒಂದು ಪ್ರಶ್ನೆ ಕೇಳುತ್ತೇನೆ. ನೀರಿನ ಹೊರತು ಏನನ್ನೂ ಮುಟ್ಟುವುದಿಲ್ಲ ಎಂದಿದ್ದೀರಿ. ಮೊದಲು ಬೆಳಿಗ್ಗೆ ಎಷ್ಟು ಲೋಟ ಕಾಫಿ ಕುಡಿಯುತ್ತಿದ್ದಿರಿ?

ಲೆಕ್ಕದ ಪುಸ್ತಕ (ಶಿವಮೊಗ್ಗ)

ಎದ್ದ ತಕ್ಷಣ ಒಂದು, ತಿಂಡಿಯ ನಂತರ ಒಂದು, ಕಚೇರಿಯಲ್ಲಿ ಹನ್ನೊಂದಕ್ಕೆ ಅರ್ಧ ಲೋಟ. ಈಗ ಬೆಳಗಿನ ಮೂರನ್ನೂ ಬಿಟ್ಟಿದ್ದೇನೆ. ಊಟವಾದ ಮೇಲೆ ಒಂದು, ಸಂಜೆ ಐದೂವರೆಗೆ ಒಂದು ಕುಡಿಯುತ್ತೇನೆ. ಹಣೆಯ ನೋವು ಇದೆ. ಎದ್ದು ನಿಂತಾಗ ಒಮ್ಮೊಮ್ಮೆ ಕಣ್ಣು ಕತ್ತಲಾಗುತ್ತದೆ.

ಡಿಕಾಕ್ಷನ್ (ಚಿಕ್ಕಮಗಳೂರು)

ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಕೆಫೀನ್ ಬಿಟ್ಟವರಿಗೆ 12ರಿಂದ 24 ಗಂಟೆಗಳೊಳಗೆ ತಲೆನೋವು, ಮಂಕು, ಕಿರಿಕಿರಿ ಆರಂಭವಾಗಿ, ಒಂದೆರಡು ದಿನಗಳಲ್ಲಿ ತಾರಕಕ್ಕೇರಿ, ಒಂಬತ್ತು ದಿನಗಳವರೆಗೂ ಇರಬಹುದು. ನೀವು ಪೂರ್ತಿಯಾಗಿ ಬಿಟ್ಟಿಲ್ಲ. ಹಿಂದಿನ ಸಂಜೆಯ ಕಾಫಿಯಿಂದ ಮರುದಿನದ ಊಟದವರೆಗೆ ಸುಮಾರು 19 ಗಂಟೆ ಎಳೆಯುತ್ತಿದ್ದೀರಿ. ಅಂದರೆ ಪ್ರತಿದಿನವೂ ಬಿಡುವ ಸಂಕಟದ ಹೊಸ್ತಿಲಿಗೆ ಹೋಗಿ, ಅಲ್ಲಿಂದ ಊಟದ ನಂತರದ ಲೋಟ ನಿಮ್ಮನ್ನು ವಾಪಸ್ ಕರೆತರುತ್ತದೆ. ಊಟ ಮಾಡಿದ್ದರಿಂದ ತಲೆ ಸರಿಯಾಯಿತು ಎಂದು ನೀವು ತಿಳಿದಿದ್ದೀರಿ. ಸರಿ ಮಾಡಿದ್ದು ಕಾಫಿಯೂ ಇರಬಹುದು.

ಇನ್ನೊಂದು ಮಾತು. ದೇಹದಲ್ಲಿನ ಕೆಫೀನ್ ಅರ್ಧಕ್ಕಿಳಿಯಲು ಸರಾಸರಿ ಐದು ಗಂಟೆ ಬೇಕು. ಐದೂವರೆಯ ಲೋಟದಲ್ಲಿ ಅರ್ಧದಷ್ಟು ರಾತ್ರಿ ಹತ್ತೂವರೆಗೂ ರಕ್ತದಲ್ಲಿರುತ್ತದೆ. ನಿದ್ರೆ ತೆಳುವಾಗಿದ್ದರೆ ಅದರ ಸಾಲವನ್ನು ಮರುದಿನ ಹನ್ನೊಂದಕ್ಕೆ ತೀರಿಸಬೇಕಾಗುತ್ತದೆ. ಬೆಳಿಗ್ಗೆ ಹಾಲು, ಸಕ್ಕರೆ ಹಾಕದ ಒಂದು ಸಣ್ಣ ಲೋಟ ಕುಡಿಯಿರಿ. ತೋಟದ ಊರಿನವನಾದ ನನಗೆ ಹಾಲಿಲ್ಲದ ಕಾಫಿಯನ್ನು ಶಿಫಾರಸು ಮಾಡಲು ಸಂಕೋಚವೇನೂ ಇಲ್ಲ, ಆದರೆ ಶಿವಮೊಗ್ಗದವರ ನಾಲಿಗೆಗೆ ಅದು ಕಷಾಯದಂತೆ ಅನ್ನಿಸಬಹುದು; ಹಾಗಿದ್ದರೆ ಎರಡು ಚಮಚ ಹಾಲು ಬೆರೆಸಿಕೊಳ್ಳಿ, ಆಕಾಶವೇನೂ ಕಳಚಿ ಬೀಳುವುದಿಲ್ಲ.

ಶುದ್ಧ ಉಪವಾಸ (ಹುಬ್ಬಳ್ಳಿ)

ಕ್ಷಮಿಸಿ, ಈ ಸಲಹೆಯನ್ನು ನಾನು ಒಪ್ಪುವುದಿಲ್ಲ. ಎರಡು ಚಮಚ ಹಾಲು ಹಾಕಿದರೂ ಉಪವಾಸ ಮುರಿಯುತ್ತದೆ. ಜೀವಕೋಶಗಳು ತಮ್ಮ ಕಸವನ್ನು ತಾವೇ ಗುಡಿಸಿಕೊಳ್ಳುವ ಆಟೋಫೇಜಿ ಎಂಬ ಕ್ರಿಯೆಗೆ 2016ರಲ್ಲಿ ನೊಬೆಲ್ ಪ್ರಶಸ್ತಿಯೇ ಬಂದಿದೆ. ಮಧ್ಯದಲ್ಲಿ ಹಾಲು, ಮಜ್ಜಿಗೆ ಎಂದು ಕುಡಿಯುತ್ತ ಹೋದರೆ ಅದು ನಿಂತುಹೋಗುತ್ತದೆ. ನಾನು ಎರಡು ವರ್ಷಗಳಿಂದ ಬರಿಯ ನೀರಿನ ಮೇಲೆ 18 ಗಂಟೆ ಇರುತ್ತೇನೆ; ನನ್ನ ತಲೆ ಬೆಳಿಗ್ಗೆಯೇ ಅತ್ಯಂತ ಚುರುಕಾಗಿರುತ್ತದೆ. ಮೊದಲ ಮೂರು ವಾರ ಹಲ್ಲು ಕಚ್ಚಿ ತಡೆದುಕೊಂಡರೆ ಎಲ್ಲರಿಗೂ ಹಾಗೆಯೇ ಆಗುತ್ತದೆ.

ಪ್ರಯೋಗಶಾಲೆ (ಧಾರವಾಡ)

ಆ ಪ್ರಶಸ್ತಿ ಬಂದದ್ದು ಜಪಾನಿನ ಯೋಶಿನೋರಿ ಓಸುಮಿ ಅವರಿಗೆ. ಯೀಸ್ಟ್ ಜೀವಕೋಶಗಳಲ್ಲಿ ಆ ಕ್ರಿಯೆಯನ್ನು ನಡೆಸುವ ಜೀನ್‌ಗಳನ್ನು ಅವರು ಗುರುತಿಸಿದರು. ಕಾಫಿಗೆ ಹಾಲು ಹಾಕಬೇಕೇ ಬೇಡವೇ ಎಂಬುದಕ್ಕೆ ಆ ಸಂಶೋಧನೆ ತೀರ್ಪು ಕೊಡುವುದಿಲ್ಲ. ನನ್ನ ಅಥವಾ ತಮ್ಮ ದೇಹದಲ್ಲಿ ಹದಿನಾರನೆಯ ಗಂಟೆಗೆ ಆಟೋಫೇಜಿ ಎಷ್ಟು ನಡೆಯುತ್ತಿದೆ ಎಂದು ಅಳೆದು ಹೇಳುವ ಪರೀಕ್ಷೆ ಯಾವ ಊರಿನ ಲ್ಯಾಬಿನಲ್ಲೂ ಸಿಗುವುದಿಲ್ಲ.

ಮೂಲ ಪ್ರಶ್ನೆ ಕೇಳಿದವರ ಗುರಿ ತೂಕ ಇಳಿಸುವುದು. ಆ ವಿಷಯದಲ್ಲಿ 16 ಎಂಬ ಅಂಕಿಗೆ ಮಂತ್ರಶಕ್ತಿ ಏನೂ ಇಲ್ಲ. 2020ರಲ್ಲಿ ಅಮೆರಿಕದಲ್ಲಿ 116 ಜನರ ಮೇಲೆ 12 ವಾರ ನಡೆದ ಒಂದು ಪ್ರಯೋಗದಲ್ಲಿ ಮಧ್ಯಾಹ್ನ ಹನ್ನೆರಡರಿಂದ ರಾತ್ರಿ ಎಂಟರವರೆಗೆ ಮಾತ್ರ ತಿಂದವರಿಗೂ ಮೂರು ಹೊತ್ತು ತಿಂದವರಿಗೂ ತೂಕದ ಇಳಿಕೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. 2022ರಲ್ಲಿ ಚೀನಾದ ಗುವಾಂಗ್‌ಜೌನಲ್ಲಿ 139 ಜನರ ಮೇಲೆ ಒಂದು ವರ್ಷ ನಡೆದ ಪ್ರಯೋಗದಲ್ಲಿ ಎರಡು ಗುಂಪುಗಳಿಗೂ ಒಂದೇ ಪ್ರಮಾಣದ ಕ್ಯಾಲರಿ ಕೊಟ್ಟು, ಒಂದು ಗುಂಪಿಗೆ ಮಾತ್ರ ಎಂಟು ಗಂಟೆಯ ಮಿತಿ ಹಾಕಿದಾಗಲೂ ಫಲಿತಾಂಶ ಹೆಚ್ಚುಕಡಿಮೆ ಒಂದೇ ಆಗಿತ್ತು. ಮಿತಿ ಹಾಕಿಕೊಂಡರೆ ರಾತ್ರಿಯ ಕುರುಕಲು ತಾನಾಗಿಯೇ ತಪ್ಪುತ್ತದೆ, ಎಣಿಸುವ ಗೋಜಿಲ್ಲ; ಹಲವರಿಗೆ ಅದರ ಉಪಯೋಗ ಅಷ್ಟೇ, ಅದು ಸಣ್ಣದೂ ಅಲ್ಲ. ಆದರೆ ಅದಕ್ಕಾಗಿ ಹಲ್ಲು ಕಚ್ಚಬೇಕಾಗಿಲ್ಲ. ಹನ್ನೆರಡು ಗಂಟೆಯಿಂದ ಆರಂಭಿಸಿ ವಾರಕ್ಕೊಂದು ಗಂಟೆ ಏರಿಸಿದರೂ ಆಗುತ್ತದೆ. ಹತ್ತೂವರೆಗೆ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿದರೆ ಕಣ್ಣು ಕತ್ತಲಾಗುವುದು ನಿಲ್ಲುತ್ತದೆಯೇ ನೋಡಿ. ರಕ್ತದೊತ್ತಡ ಇರುವವರು ಮಾತ್ರ ಈ ಉಪ್ಪಿನ ಮಾತನ್ನು ತಮಗೆ ಅನ್ವಯಿಸಿಕೊಳ್ಳಬಾರದು.

ರಥಬೀದಿ (ಉಡುಪಿ)

ನಮ್ಮ ಅಜ್ಜಿ ಎಪ್ಪತ್ತು ದಾಟಿದ ಮೇಲೂ ಏಕಾದಶಿಯಂದು ತೊಟ್ಟು ನೀರೂ ಮುಟ್ಟುತ್ತಿರಲಿಲ್ಲ. ದಶಮಿಯಂದು ಒಪ್ಪತ್ತು, ಏಕಾದಶಿಯಂದು ನಿರಾಹಾರ, ದ್ವಾದಶಿಯಂದು ಬೆಳಕು ಹರಿಯುವ ಹೊತ್ತಿಗೆ ಪಾರಣೆ. ಈ ಚರ್ಚೆಯನ್ನು ಓದುವಾಗ ನನಗೆ ನೆನಪಾದದ್ದು ಆಕೆಯ ಭಕ್ತಿಗಿಂತ ಹೆಚ್ಚಾಗಿ ಆಕೆಯ ಆ ದಿನದ ದಿನಚರಿ. ಏಕಾದಶಿಯಂದು ಒಲೆ ಹಚ್ಚುತ್ತಿರಲಿಲ್ಲ, ಆದ್ದರಿಂದ ತರಕಾರಿ ಹೆಚ್ಚುವ ಮೆಟ್ಟುಕತ್ತಿಯ ಮೇಲೆ ಕೂರುವ ಪ್ರಮೇಯವೇ ಇರಲಿಲ್ಲ. ಹಾಲಿನವನ ಲೆಕ್ಕ, ಗೇಣಿಯ ಲೆಕ್ಕ ಯಾವುದನ್ನೂ ಆ ದಿನ ತೆಗೆಯುತ್ತಿರಲಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ "ನಾಳೆ ಪಾರಣೆ ಆದ ಮೇಲೆ ಬಾ ಮಗಾ" ಎಂದು ಕಳಿಸುತ್ತಿದ್ದಳು. ಬಾಯಿಪಾಠವಿದ್ದ ಸ್ತೋತ್ರ, ಹರಿಕಥೆ, ಮಧ್ಯಾಹ್ನ ಚಾವಡಿಯಲ್ಲಿ ಒಂದಿಷ್ಟು ಹೊತ್ತು ಒರಗುವುದು, ಇಷ್ಟೇ. ಹೊಸದಾಗಿ ಯೋಚಿಸಬೇಕಾದ ಕೆಲಸ ಯಾವುದೂ ಅದರಲ್ಲಿ ಇರಲಿಲ್ಲ.

ಪದ್ಧತಿ ಕಟ್ಟಿದವರು ಮೆದುಳಿನ ಶಾಸ್ತ್ರ ಓದಿ ಹೀಗೆ ಮಾಡಿದರೆಂದು ನಾನು ಹೇಳುವುದಿಲ್ಲ, ಅಂಥ ಮಾತುಗಳ ಬಗ್ಗೆ ನನಗೆ ಸ್ವಲ್ಪ ಅಲರ್ಜಿ. ಆದರೆ ನಾವು ಉಪವಾಸವನ್ನು ಮಾತ್ರ ತೆಗೆದುಕೊಂಡು ಅದರ ಜೊತೆಗಿದ್ದ ಬಿಡುವನ್ನು ಅಲ್ಲೇ ಬಿಟ್ಟು ಬಂದೆವು ಎಂಬುದು ಕಣ್ಣಿಗೆ ಕಾಣುವ ಸಂಗತಿ. ಅಂದ ಹಾಗೆ, ನಮ್ಮ ಪಕ್ಕದ ಮನೆಯಲ್ಲಿ ಏಕಾದಶಿ ಎಂದರೆ ಅವಲಕ್ಕಿ ಒಗ್ಗರಣೆ, ಸಾಬಕ್ಕಿ ಪಾಯಸ, ಗೋಧಿ ಉಪ್ಪಿಟ್ಟು ಎಲ್ಲವೂ ಇರುತ್ತಿದ್ದವು. ಅವರಿಗೆ ಮಂಕು ಕವಿಯುತ್ತಿದ್ದದ್ದು ತಿಂದದ್ದು ಹೆಚ್ಚಾಗಿ.

ಒಂಬತ್ತನೆಯ ತರಗತಿ (ಕಲಬುರಗಿ)

ನಾನು ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ ಮತ್ತು ಪ್ರತಿವರ್ಷ ರಂಜಾನ್ ರೋಜಾ ಇರುತ್ತೇನೆ. ನಮ್ಮದು ಹಗಲಿನ ಉಪವಾಸ, ನೀರೂ ಇಲ್ಲ, ಆದ್ದರಿಂದ ಇದು ತಮ್ಮ ಪದ್ಧತಿಗಿಂತ ಬೇರೆ. ಆದರೂ ಮೊದಲ ನಾಲ್ಕೈದು ದಿನಗಳ ತಲೆನೋವು, ಮಾತು ಮಧ್ಯದಲ್ಲಿ ಮರೆತುಹೋಗುವುದು, ಇವೆಲ್ಲ ನನಗೆ ಚೆನ್ನಾಗಿ ಪರಿಚಯ. ಎರಡನೆಯ ವಾರದ ಹೊತ್ತಿಗೆ ತಲೆನೋವು ಹೋಗಿರುತ್ತದೆ. ಕೆಲವು ವರ್ಷಗಳಿಂದ ತಿಂಗಳು ಆರಂಭವಾಗುವ ಹದಿನೈದು ದಿನ ಮೊದಲೇ ಚಹಾವನ್ನು ದಿನಕ್ಕೆ ನಾಲ್ಕರಿಂದ ಮೂರು, ಮೂರರಿಂದ ಎರಡು, ಹೀಗೆ ಇಳಿಸಿಕೊಂಡು ಬರುತ್ತಿದ್ದೇನೆ. ಅದಾದ ಮೇಲೆ ಆ ತಲೆನೋವೂ ಬಹುಪಾಲು ಬರುವುದಿಲ್ಲ. ಡಿಕಾಕ್ಷನ್ ಅವರು ಹೇಳಿದ್ದು ನನ್ನ ಅನುಭವಕ್ಕೂ ತಾಳೆಯಾಗುತ್ತದೆ.

ನನ್ನನ್ನು ಹೆಚ್ಚು ಕೆಡಿಸುವುದು ಹಸಿವಲ್ಲ, ನಿದ್ರೆ. ಸಹರಿಯ ಊಟಕ್ಕೆ ನಸುಕಿನಲ್ಲಿ ಏಳಬೇಕು, ರಾತ್ರಿ ತರಾವೀಹ್ ನಮಾಜ್ ಮುಗಿಯುವಾಗ ಹೊತ್ತಾಗಿರುತ್ತದೆ. ನಿದ್ರೆ ಎರಡು ತುಂಡಾಗುತ್ತದೆ. ಆದ್ದರಿಂದ ಆ ತಿಂಗಳು ಪ್ರಮೇಯಗಳನ್ನು ಮೊದಲ ಎರಡು ಅವಧಿಗಳಲ್ಲೇ ಕಲಿಸಿ ಮುಗಿಸುತ್ತೇನೆ, ಮೂರು ಗಂಟೆಯ ನಂತರ ಉತ್ತರಪತ್ರಿಕೆ ತಿದ್ದುವುದಿಲ್ಲ. ಒಮ್ಮೆ ತಿದ್ದಿದ್ದೆ. ಒಬ್ಬ ವಿದ್ಯಾರ್ಥಿನಿಗೆ ಬಿಡಿ ಅಂಕಗಳನ್ನೆಲ್ಲ ಸರಿಯಾಗಿ ಕೊಟ್ಟು, ಕೂಡುವಾಗ ಒಂದು ಪುಟವನ್ನೇ ಬಿಟ್ಟಿದ್ದೆ. ಆಕೆ ಮರುದಿನ ಪತ್ರಿಕೆ ಹಿಡಿದು ಬಂದು ಮೆಲ್ಲಗೆ, "ಟೀಚರ್, ನೀವು ರೋಜಾ ಇದ್ರಿ ಅಲ್ರೀ?" ಎಂದು ಕೇಳಿದಳು.

ಘಾಟಿ ರಸ್ತೆ (ಸಕಲೇಶಪುರ)

ನಾನು ಮಂಗಳೂರು ಕಡೆಗೆ ಸರಕು ವಾಹನ ಓಡಿಸುತ್ತೇನೆ. ನಿಮ್ಮ ತಪ್ಪು ಪುಸ್ತಕದಲ್ಲಿ ಸಿಕ್ಕಿತು, ತಿದ್ದಿಕೊಂಡಿರಿ. ನನ್ನದನ್ನು ಹೇಳುತ್ತೇನೆ. ಕಳೆದ ವರ್ಷ ಇದೇ 16 ಗಂಟೆಯ ಉಪವಾಸ ಹಿಡಿದು ಆರನೆಯ ದಿನ ಶಿರಾಡಿ ಇಳಿಯುತ್ತಿದ್ದೆ. ನಿದ್ದೆ ಬರುತ್ತಿರಲಿಲ್ಲ, ಆಕಳಿಕೆಯೂ ಇರಲಿಲ್ಲ. ಮುಂದಿದ್ದ ಟ್ಯಾಂಕರ್ ಹಿಂದಿಕ್ಕಲು ಬಲಕ್ಕೆ ತೆಗೆದೆ, ಎದುರಿನ ಬಸ್ಸು ಕಾಣುತ್ತಲೇ ಇತ್ತು. ಕಂಡಿತ್ತು, ಆದರೆ ಅದು ಎಷ್ಟು ಬೇಗ ಹತ್ತಿರ ಬರುತ್ತದೆ ಎಂಬ ಲೆಕ್ಕ ತಲೆಗೆ ಬರಲೇ ಇಲ್ಲ. ಟ್ಯಾಂಕರಿನವನು ಬ್ರೇಕ್ ಹಿಡಿದು ಜಾಗ ಕೊಟ್ಟದ್ದರಿಂದ ಇವತ್ತು ಇದನ್ನು ಬರೆಯುತ್ತಿದ್ದೇನೆ. ಗುಂಡ್ಯದಲ್ಲಿ ಗಾಡಿ ನಿಲ್ಲಿಸಿ ಇಳಿದಾಗ ಕಾಲು ನಡುಗುತ್ತಿತ್ತು, ಅದು ಹಸಿವಿನದೋ ಹೆದರಿಕೆಯದೋ ಗೊತ್ತಾಗಲಿಲ್ಲ.

ಅಂದಿನಿಂದ ಗಾಡಿ ಹತ್ತುವ ದಿನ ತಿಂಡಿ ತಿನ್ನದೆ ಕೀಲಿ ಮುಟ್ಟುವುದಿಲ್ಲ. ರಜೆಯ ದಿನ ಬೇಕಾದರೆ ಒಪ್ಪತ್ತು ಇರುತ್ತೇನೆ. ದೇಹ ಹೊಂದಿಕೊಳ್ಳಲಿ ಎಂದು ಕಾಯುವ ಆ ಎರಡು ಮೂರು ವಾರ ಯಾರ ಕೈಯಲ್ಲಿ ಏನಿರುತ್ತದೆ ಎಂಬುದನ್ನು ಈ ಚರ್ಚೆಯಲ್ಲಿ ಯಾರೂ ಕೇಳಲಿಲ್ಲವಲ್ಲ ಎಂದು ಬರೆದೆ.

ರಾತ್ರಿ ಪಾಳಿ (ಮಂಗಳೂರು)

ಘಾಟಿ ರಸ್ತೆಯವರ ಮಾತಿಗೆ ನನ್ನದೂ ಒಂದು ಸಹಿ. ನಾನು ಶುಶ್ರೂಷಕಿ. ರಾತ್ರಿ ಪಾಳಿಯಲ್ಲಿ ಔಷಧದ ಪ್ರಮಾಣವನ್ನು ಲೆಕ್ಕ ಹಾಕಿ ಡ್ರಿಪ್‌ಗೆ ಹಾಕಬೇಕು. ಒಂದು ವಾರ ಉಪವಾಸ ಪ್ರಯತ್ನಿಸಿ ಬಿಟ್ಟುಬಿಟ್ಟೆ. ಬೇಸರವಿಲ್ಲ.

ಎರಡನೆಯ ಓದು (ಬೆಂಗಳೂರು)

ನಾನು ಕರಡು ತಿದ್ದುವ ಕೆಲಸದವಳು. ಶುದ್ಧ ಉಪವಾಸದವರು ತಮ್ಮ ತಲೆ ಬೆಳಿಗ್ಗೆ ಅತ್ಯಂತ ಚುರುಕಾಗಿರುತ್ತದೆ ಎಂದಿದ್ದಾರೆ; ಲೆಕ್ಕದ ಪುಸ್ತಕದವರು ಮಂಕಾಗಿದೆ ಎಂದಿದ್ದಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ, ಆದರೆ ಚುರುಕಾಗಿದೆ ಎಂದು ಅನ್ನಿಸುವುದೂ ಚುರುಕಾಗಿರುವುದೂ ಬೇರೆ ಬೇರೆ.

ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ 1944–45ರಲ್ಲಿ ಆನ್ಸೆಲ್ ಕೀಸ್ ಅವರು 36 ಯುವಕರನ್ನು ತಿಂಗಳುಗಟ್ಟಲೆ ಅರೆಹೊಟ್ಟೆಯಲ್ಲಿಟ್ಟು ಅಧ್ಯಯನ ಮಾಡಿದರು. ಆ ಯುವಕರೆಲ್ಲ ತಮ್ಮ ಏಕಾಗ್ರತೆ ಹೋಯಿತು, ಓದಿದ್ದು ತಲೆಗೆ ಹತ್ತುವುದಿಲ್ಲ ಎಂದು ದೂರುತ್ತಿದ್ದರು. ಬುದ್ಧಿಶಕ್ತಿಯ ಪರೀಕ್ಷೆಗಳಲ್ಲಿ ಮಾತ್ರ ಅಂಥ ಕುಸಿತ ಕಾಣಲಿಲ್ಲ. ಅವರ ಯೋಚನೆಯೆಲ್ಲ ಊಟದ ಸುತ್ತ ಸುತ್ತುತ್ತಿತ್ತು. ಅಡುಗೆ ಪುಸ್ತಕಗಳನ್ನು ಕಾದಂಬರಿಯಂತೆ ಓದುತ್ತಿದ್ದವರೂ ಇದ್ದರು. ಅಷ್ಟು ಘೋರವಲ್ಲದ ನಮ್ಮ ಉಪವಾಸದ ಬಗ್ಗೆ 2025ರಲ್ಲಿ 71 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಒಂದು ವಿಶ್ಲೇಷಣೆ ಪ್ರಕಟವಾಯಿತು. ಆರೋಗ್ಯವಂತ ವಯಸ್ಕರಲ್ಲಿ ಉಂಡವರಿಗೂ ಅಲ್ಪಕಾಲದ ಉಪವಾಸವಿದ್ದವರಿಗೂ ಒಟ್ಟಾರೆಯಾಗಿ ಗಮನಾರ್ಹ ವ್ಯತ್ಯಾಸವಿರಲಿಲ್ಲ. ಮಕ್ಕಳು ಮಾತ್ರ ಹಿಂದೆ ಬಿದ್ದರು. ಕೊಟ್ಟ ಕೆಲಸದಲ್ಲಿ ಆಹಾರದ ಚಿತ್ರವೋ ಹೆಸರೋ ಇದ್ದರೆ ಹಸಿದವರ ಗಮನ ಅಲ್ಲಿಗೇ ಜಾರುತ್ತಿತ್ತು. ಸರಾಸರಿ ಎಂಬುದು ಶಿರಾಡಿಯಲ್ಲಿ ಆರನೆಯ ದಿನ ಗಾಡಿ ಓಡಿಸುತ್ತಿದ್ದವರ ಬಗ್ಗೆ ಏನೂ ಹೇಳುವುದಿಲ್ಲ, ಅದೂ ನಿಜ.

ಆದ್ದರಿಂದ ಅನ್ನಿಸಿಕೆಯನ್ನು ಬಿಟ್ಟು ಎಣಿಸಿ. ನಾನು ಮಾಡಿದ್ದು ಹೀಗೆ: ಪಕ್ಕದ ಮೇಜಿನ ಗೆಳತಿ ದಿನವೂ ಎರಡು ಪುಟಗಳಲ್ಲಿ ನನಗೆ ತಿಳಿಯದಂತೆ ಹತ್ತು ತಪ್ಪುಗಳನ್ನು ಹುದುಗಿಸಿಡುತ್ತಿದ್ದಳು: ಎಲ್ಲೋ ಒಂದು ಅನುಸ್ವಾರ, ಇನ್ನೆಲ್ಲೋ ಲ ಇರಬೇಕಾದಲ್ಲಿ ಳ. ಹನ್ನೊಂದು ಗಂಟೆಗೆ ಅದನ್ನು ಓದುತ್ತಿದ್ದೆ. ಮೊದಲ ವಾರ ಆರೋ ಏಳೋ ಹಿಡಿಯುತ್ತಿದ್ದೆ, ನಾಲ್ಕನೆಯ ವಾರ ಎಂಟೋ ಒಂಬತ್ತೋ. ತಿಂಡಿ ತಿಂದ ದಿನಗಳಲ್ಲೂ ಅಷ್ಟೇ. ನನಗೆ ಆಶ್ಚರ್ಯವಾದದ್ದು ಬೇರೆ: ತಲೆ ಅದ್ಭುತವಾಗಿದೆ ಎಂದು ಡೈರಿಯಲ್ಲಿ ಬರೆದುಕೊಂಡ ಒಂದು ದಿನ ಐದೇ ತಪ್ಪು ಹಿಡಿದಿದ್ದೆ. ಅಂದು ಬೇಗ ಓದಿ ಮುಗಿಸಿದ್ದೆ, ಅಷ್ಟೇ.

ಔಷಧದಂಗಡಿ (ದಾವಣಗೆರೆ)

ಈ ಚರ್ಚೆಯನ್ನು ಮಧುಮೇಹ ಇರುವವರೂ ಓದುತ್ತಿರುತ್ತಾರೆ, ಆದ್ದರಿಂದ ಕೌಂಟರಿನ ಈ ಬದಿಯಿಂದ ಕೆಲವು ಮಾತು. ಮೇಲೆ ಹೇಳಿದ ಸಮಾಧಾನದ ಮಾತುಗಳೆಲ್ಲ ಔಷಧ ತೆಗೆದುಕೊಳ್ಳದವರಿಗೆ. ಗ್ಲಿಮಿಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್ ಮಾತ್ರೆಗಳು ಮತ್ತು ಇನ್ಸುಲಿನ್ ಊಟ ಮಾಡಿದ್ದೀರೋ ಇಲ್ಲವೋ ಎಂದು ಕೇಳದೆ ಸಕ್ಕರೆಯನ್ನು ಇಳಿಸುತ್ತವೆ. ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಗುಂಪಿನವುಗಳ ಅಪಾಯ ಇನ್ನೊಂದು ಬಗೆಯದು. ದೀರ್ಘ ಉಪವಾಸದಲ್ಲಿ ರಕ್ತ ಆಮ್ಲೀಯವಾಗುವ ಸ್ಥಿತಿ ಬರಬಹುದು, ಅದೂ ಸಕ್ಕರೆಯ ಅಂಕಿ ಅಷ್ಟೇನೂ ಏರದೆ. ಮೆಟ್‌ಫಾರ್ಮಿನ್ ಒಂದನ್ನೇ ತೆಗೆದುಕೊಳ್ಳುವವರಿಗೆ ಅಪಾಯ ಕಡಿಮೆ. ಏನೇ ಇರಲಿ, ಮಾತ್ರೆಯ ಹೊತ್ತು ಮತ್ತು ಪ್ರಮಾಣವನ್ನು ವೈದ್ಯರು ಬದಲಾಯಿಸಿದ ನಂತರವೇ ಊಟದ ಹೊತ್ತನ್ನು ಬದಲಾಯಿಸಬೇಕು. ಮೊದಲು ಉಪವಾಸ ಹಿಡಿದು, ತಲೆ ಸುತ್ತಿದ ಮೇಲೆ ಅಂಗಡಿಗೆ ಬಂದು ಕೇಳುವವರೇ ಹೆಚ್ಚು.

ತಣ್ಣನೆಯ ಬೆವರು, ಕೈನಡುಕ, ಎದೆ ಹೊಡೆದುಕೊಳ್ಳುವುದು, ಮಾತು ತೊದಲುವುದು, ಸುಮ್ಮಸುಮ್ಮನೆ ಸಿಟ್ಟು ಬರುವುದು, ಇವುಗಳನ್ನು ಹೊಂದಿಕೊಳ್ಳುವ ಲಕ್ಷಣವೆಂದು ಸಹಿಸಿಕೊಂಡು ಕೂರಬಾರದು. ಕೂಡಲೇ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿದು, 15 ನಿಮಿಷದ ನಂತರ ಸಕ್ಕರೆ ಪರೀಕ್ಷಿಸಿ, ಇನ್ನೂ 70ಕ್ಕಿಂತ ಕೆಳಗಿದ್ದರೆ ಮತ್ತೊಮ್ಮೆ ಕುಡಿಯಬೇಕು. ಪ್ರಜ್ಞೆ ತಪ್ಪಿದವರ ಬಾಯಿಗೆ ಮಾತ್ರ ಏನನ್ನೂ ಸುರಿಯಬಾರದು, ಆಸ್ಪತ್ರೆಗೆ ಸಾಗಿಸಬೇಕು. ರಕ್ತದೊತ್ತಡ, ಹೃದಯದ ತೊಂದರೆಗೆ ಕೊಡುವ ಮೆಟೋಪ್ರೊಲಾಲ್, ಅಟೆನೊಲಾಲ್‌ನಂಥ ಮಾತ್ರೆ ನುಂಗುವವರಿಗೆ ನಡುಕ, ಎದೆಬಡಿತದ ಮುನ್ಸೂಚನೆಗಳು ಮರೆಯಾಗಿರಬಹುದು ಎಂಬುದನ್ನು ಮನೆಯವರೂ ತಿಳಿದಿರಬೇಕು. ಗರ್ಭಿಣಿಯರು, ಹಾಲುಣಿಸುವವರು, ಬೆಳೆಯುವ ಮಕ್ಕಳು, ಹಿಂದೆ ಊಟ ಬಿಡುವ ಕಾಯಿಲೆಯಿಂದ ನರಳಿದವರು ಈ ಗೊಡವೆಗೆ ಹೋಗದಿರುವುದೇ ಲೇಸು.

ಶುದ್ಧ ಉಪವಾಸ (ಹುಬ್ಬಳ್ಳಿ)

ಎರಡನೆಯ ಓದು ಅವರೇ, ನಿಮ್ಮ ಪರೀಕ್ಷೆಯನ್ನು ನಾನೂ ಮಾಡಿ ನೋಡಿದೆ. ಮಗಳ ಕೈಯಲ್ಲಿ ಗುಣಾಕಾರದ ಲೆಕ್ಕಗಳನ್ನು ಬರೆಸಿ, ಉಪವಾಸದ ದಿನ ಮತ್ತು ತಿಂಡಿ ತಿಂದ ದಿನ ಹನ್ನೊಂದಕ್ಕೆ ಬಿಡಿಸಿದೆ. ಎರಡೂ ದಿನ ಒಂದೇ ಫಲಿತಾಂಶ. ಉಪವಾಸ ಬಿಡುವುದಿಲ್ಲ, ನನಗೆ ಅದು ಒಗ್ಗಿದೆ. ಆದರೆ ಎಲ್ಲರಿಗೂ ಹೀಗೆಯೇ ಆಗುತ್ತದೆ ಎಂದು ಬರೆದದ್ದನ್ನು ಹಿಂತೆಗೆದುಕೊಳ್ಳುತ್ತೇನೆ.

ಲೆಕ್ಕದ ಪುಸ್ತಕ (ಶಿವಮೊಗ್ಗ)

ಐದು ವಾರಗಳ ನಂತರ ಬರೆಯುತ್ತಿದ್ದೇನೆ. ಉತ್ತರಿಸಿದ ಎಲ್ಲರಿಗೂ ಕೃತಜ್ಞತೆಗಳು.

ಮೊದಲು 12 ಗಂಟೆಗೆ ಇಳಿದು, ವಾರಕ್ಕೊಂದು ಗಂಟೆಯಂತೆ ಏರಿಸುತ್ತ ಮೂರನೆಯ ವಾರ 14ಕ್ಕೆ ಬಂದೆ, ಅಲ್ಲಿಗೇ ನಿಲ್ಲಿಸಿದೆ. ರಾತ್ರಿಯ ಊಟವನ್ನು ಎಂಟರೊಳಗೆ ಮುಗಿಸಿ, ಬೆಳಿಗ್ಗೆ ಹತ್ತಕ್ಕೆ ಕಚೇರಿ ತಲುಪಿದ ಕೂಡಲೇ ಡಬ್ಬಿಯಲ್ಲಿ ಒಯ್ದ ತಿಂಡಿ ತಿನ್ನುತ್ತೇನೆ. ಬೆಳಿಗ್ಗೆ ಏಳಕ್ಕೆ ಎರಡು ಚಮಚ ಹಾಲಿನ ಕಾಫಿ ಒಂದು ಲೋಟ. ಸಂಜೆಯ ಕಾಫಿಯನ್ನು ಮೂರೂವರೆಗೆ ತಂದೆ. ಬೇಗ ಹೊರಡುವ ದಿನ ಒಂದು ಲೋಟ ನೀರುಮಜ್ಜಿಗೆ. ಹಣೆಯ ನೋವು ಕಾಫಿ ಮರಳಿದ ಎರಡನೆಯ ದಿನವೇ ಹೋಯಿತು. ಕಣ್ಣು ಕತ್ತಲಾಗುವುದು ಯಾವುದರಿಂದ ನಿಂತಿತೋ ಹೇಳಲಾರೆ, ಏಕೆಂದರೆ ಉಪ್ಪು, ನೀರು, ತಿಂಡಿ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿದೆ. ಶಾಸ್ತ್ರೀಯವಾಗಿ ಅದು ತಪ್ಪೆಂದು ಪ್ರಯೋಗಶಾಲೆಯವರು ಬೈಯಬಹುದು. ತೂಕ ನಿಧಾನವಾಗಿ ಇಳಿಯುತ್ತಿದೆ.

ಎರಡನೆಯ ಓದು ಅವರು ಹೇಳಿದಂತೆ ಪುಸ್ತಕದ ಕೊನೆಯ ಹಾಳೆಯಲ್ಲಿ ತಪ್ಪುಗಳನ್ನು ಹೊತ್ತಿನ ಸಮೇತ ಬರೆದಿಡುತ್ತಿದ್ದೇನೆ. ಕಳೆದ ಮೂರು ವಾರಗಳಲ್ಲಿ ಹನ್ನೊಂದು ಗಂಟೆಯ ಸಾಲು ಖಾಲಿ ಇದೆ. ಆದರೆ ಎರಡು ತಪ್ಪುಗಳು ಬೇರೆ ಕಡೆ ಸಿಕ್ಕಿದವು, ಎರಡೂ ಮಧ್ಯಾಹ್ನ ಎರಡೂಮುಕ್ಕಾಲರಿಂದ ಮೂರೂಕಾಲರೊಳಗೆ. ಹಳೆಯ ವರ್ಷದ ವೋಚರುಗಳನ್ನು ಕುತೂಹಲಕ್ಕೆ ತೆಗೆದು ನೋಡಿದರೆ ಉಪವಾಸದ ಹೆಸರೂ ಗೊತ್ತಿಲ್ಲದ ಕಾಲದಲ್ಲೂ ನನ್ನ ಹೊಡೆದುಹಾಕಿ ಬರೆದ ಅಂಕಿಗಳು ಹೆಚ್ಚಾಗಿ ಅದೇ ಹೊತ್ತಿನವು. ಅನ್ನ ಸಾರು ಹೊಟ್ಟೆ ತುಂಬ ಉಂಡು ಬಂದ ಮೇಲಿನ ಹೊತ್ತು.

ರಥಬೀದಿ (ಉಡುಪಿ)

ನಮ್ಮ ಪಕ್ಕದ ಮನೆಯ ಏಕಾದಶಿ!

ಲೆಕ್ಕದ ಪುಸ್ತಕ (ಶಿವಮೊಗ್ಗ)

ಹೌದು ಮೇಡಂ, ಅದನ್ನೇ ನೆನೆದು ನಕ್ಕೆ. ಈಗ ಮಧ್ಯಾಹ್ನದ ಅನ್ನವನ್ನು ಒಂದು ಸೌಟು ಕಡಿಮೆ ಮಾಡಿ ಹೆಸರುಕಾಳಿನ ಪಲ್ಯ ಹೆಚ್ಚಿಸಿಕೊಂಡಿದ್ದೇನೆ, ದೊಡ್ಡ ಮೊತ್ತಗಳನ್ನು ಊಟಕ್ಕೆ ಮುಂಚೆಯೇ ನಮೂದಿಸಿ ಮುಗಿಸುತ್ತೇನೆ. ಮುಂದಿನ ತಿಂಗಳು ಲೆಕ್ಕಪರಿಶೋಧಕರು ಬರುತ್ತಾರೆ. ಆ ಒಂದು ವಾರ 14 ಗಂಟೆಯ ಮಾತೂ ಇಲ್ಲ. ಎಂಟೂವರೆಗೆ ಮನೆಯಲ್ಲೇ ಎರಡು ಅಕ್ಕಿರೊಟ್ಟಿ ತಿಂದು ಹೊರಡುವುದೆಂದು ಹೆಂಡತಿಗೆ ಈಗಾಗಲೇ ಹೇಳಿದ್ದೇನೆ.